ಹನ್ನಾ ಆಂಟಿಯ ಮಗನ ಹೆಸರು

ತೆಂಗಿನ ಹಾಲನ್ನು ಸಕ್ಕರೆ, ಏಲಕ್ಕಿಯ ಜೊತೆ ಸಣ್ಣ ಉರಿಯಲ್ಲಿ ಮಗುಚುತ್ತಾ ಇದ್ದರೆ, ತಳ ಹಿಡಿಯುವುದಕ್ಕೆ ತುಸು ಮೊದಲು ಒಂದು ಪರಿಮಳ ಏಳುತ್ತದೆ. ಕರಾವಳಿಯವರಿಗೆ ಹಾಲುಬಾಯಿ ನೆನಪಾಗಬಹುದು. ಆದರೆ ಹಾಲುಬಾಯಿಯಲ್ಲಿ ಬೆಲ್ಲವೇ ಮುಂದೆ ನಿಂತು ಮಾತಾಡುತ್ತದೆ. ಇದರಲ್ಲಿ ತೆಂಗಿನ ಹಾಲು ಒಂಟಿಯಾಗಿ, ಮೆಲ್ಲಗೆ ಹಾಡಿಕೊಳ್ಳುತ್ತದೆ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಂದು ಸಂಜೆ ಆ ಪರಿಮಳ ನನ್ನನ್ನು ಹಿಡಿದು ನಿಲ್ಲಿಸಿತು. ಯಾರೋ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿರಬೇಕು. ನಾನು ಹುಟ್ಟಾ ಹೆದರುಪುಕ್ಕಲಿ. ಲಿಫ್ಟಿನಲ್ಲಿ ಮಲ್ಲಿಗೆಯ ವಾಸನೆ ಬಂದರೂ ಎಲ್ಲೋ ವೈರು ಸುಡುತ್ತಿದೆ ಎಂದುಕೊಳ್ಳುವವಳು. ಆ ದಿನ ಮಾತ್ರ ಹೆದರುವುದೇ ಮರೆತುಹೋಯಿತು. ನನ್ನ ಮಹಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ನಾನು ತುದಿಯವರೆಗೆ ಹೋಗಿ, ಮತ್ತೆ ಕೆಳಗಿಳಿದು, ಸೆಕ್ಯುರಿಟಿಯವನ ಮುಖ ನೋಡಿ, ಮತ್ತೆ ಮೇಲೆ ಬಂದೆ.

ಆ ಪರಿಮಳ ಹನ್ನಾ ಆಂಟಿಯ ಅಡುಗೆಮನೆಯದು. ನನ್ನ ಬಾಲ್ಯ ಕಳೆದದ್ದು ಬರ್ ದುಬೈಯಲ್ಲಿ, ಖೋರ್ ಎಂಬ ಕಡಲ ಕಾಲುವೆಯ ಉಪ್ಪುಗಾಳಿ ಬಡಿಯುವ, ಗೋಡೆಯ ಬಣ್ಣ ಪ್ರತಿ ಬೇಸಿಗೆಯಲ್ಲೂ ಹಪ್ಪಳದಂತೆ ಏಳುವ ಒಂದು ಹಳೆಯ ಕಟ್ಟಡದಲ್ಲಿ. ಈಗ ಆ ಕಟ್ಟಡವಿಲ್ಲ. ಅದರ ಜಾಗದಲ್ಲಿ ನಿಂತಿರುವ ಹೊಸದಕ್ಕೆ ಗಾಜು ಜಾಸ್ತಿ, ಮೆಟ್ಟಿಲು ಕಡಿಮೆ. ನಮ್ಮಪ್ಪ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮಮ್ಮಿಗೆ ಡ್ಯೂಟಿ ಇದ್ದಾಗಲೆಲ್ಲ ನನ್ನನ್ನು ಮೇಲಿನ ಮನೆಗೆ ಅಟ್ಟಲಾಗುತ್ತಿತ್ತು. ಅಲ್ಲಿ ಇದ್ದವರು ಹನ್ನಾ ಆಂಟಿ ಮತ್ತು ಹಡಗಿನ ಕಂಪನಿಯಲ್ಲಿ ಗುಮಾಸ್ತರಾಗಿದ್ದ ಡೇವಿಡ್ ಅಂಕಲ್. ಬೊಂಬಾಯಿಯಿಂದ ಬಂದವರು, ಮಾತು ಮರಾಠಿ. ಹೆಸರಿನ ಕೊನೆಗೆ ಊರಿನ ಹೆಸರು, ಅದರ ಬಾಲಕ್ಕೊಂದು 'ಕರ್'. ಮಮ್ಮಿಯ ಕೊಂಕಣಿಗೆ ಆಂಟಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು, ಆಂಟಿಯ ಮರಾಠಿಗೆ ಮಮ್ಮಿ ಕೊಂಕಣಿಯಲ್ಲಿ. ಇಬ್ಬರಿಗೂ ಮುಕ್ಕಾಲು ಭಾಗ ಅರ್ಥವಾಗುತ್ತಿತ್ತು, ಉಳಿದ ಕಾಲು ಭಾಗಕ್ಕೆ ನಗು ಇತ್ತು. ಇಲ್ಲಿ ಅವರಿಬ್ಬರ ಮಾತನ್ನೂ ನನ್ನ ಕನ್ನಡಕ್ಕೆ ತಂದಿದ್ದೇನೆ. ಆ ನಗುವನ್ನು ತರಲು ನನ್ನಿಂದಾಗಲಿಲ್ಲ.

ಆ ಮನೆಯ ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ, ಹೊರಗಿನವರಿಗೆ ಕಾಣದ ಹಾಗೆ, ಒಳಗೆ ದೇವರ ವಾಕ್ಯದ ಸುರುಳಿಯಿದ್ದ ಬೆರಳುದ್ದದ ಒಂದು ಬೆಳ್ಳಿಯ ಕೊಳವೆ ಓರೆಯಾಗಿ ಕೂತಿತ್ತು. ಹೋಗುವಾಗ ಬರುವಾಗ ಆಂಟಿ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುತ್ತಿದ್ದರು. ಎತ್ತರಕ್ಕೆ ಕೈ ಎಟುಕದೆ ನಾನು ಹಾರಿ ಮುಟ್ಟುತ್ತಿದ್ದೆ. ಅದೇ ಅಭ್ಯಾಸದಲ್ಲಿ ನಮ್ಮ ಮನೆಯ ಬಾಗಿಲಿಗೂ ಹಾರಿ ಮುತ್ತು ಕೊಟ್ಟು ಮಮ್ಮಿಯಿಂದ ಬೆನ್ನಿಗೆ ಒಂದು ತಿಂದದ್ದಿದೆ. ಶನಿವಾರ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಮಾಂಸದ ಸಾರಿಗೆ ಹಾಲು ಮೊಸರು ಸೋಕುವಂತಿರಲಿಲ್ಲ, ಎಲ್ಲದಕ್ಕೂ ತೆಂಗಿನ ಹಾಲೇ. ಒಮ್ಮೆ ಮಮ್ಮಿ ಪ್ರೀತಿಯಿಂದ ಸಿಗಡಿ ಸುಕ್ಕ ಮಾಡಿ ಕಳಿಸಿದಳು. ಮೈಮೇಲೆ ಹುರುಪೆ ಇಲ್ಲದ ಕಡಲಜೀವಿಯನ್ನು ಅವರು ತಿನ್ನುವುದಿಲ್ಲವೆಂದು ನಮಗೇನು ಗೊತ್ತು? ಆಂಟಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು, ಆಮೇಲೆ ಅದು ಕೆಳಗಿನ ವಾಚ್‌ಮನ್ ಖಾನನ ತಟ್ಟೆಯಲ್ಲಿ ಕಂಡಿತು. ಮಮ್ಮಿ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಕೊನೆಗೆ ಆಂಟಿಯೇ ಕೆಳಗಿಳಿದು ಬಂದು, ದನಿ ತಗ್ಗಿಸಿ, "ಸಿಸ್ಟರ್, ನಾವು ಇಸ್ರಾಯೇಲ್ ಮಂದಿ, ಯಹೂದಿಗಳು. ಇಲ್ಲಿ ಯಾರಿಗೂ ಹೇಳುವುದಿಲ್ಲ" ಎಂದರು. ಮಮ್ಮಿ ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಮಾತ್ರ ಊಟಕ್ಕೆ ಬಡಿಸುತ್ತಾ ವಿವರಿಸಿದಳು: "ಪಾಪ, ಯೇಸು ಬರುವ ಮೊದಲೇ ಬೈಬಲ್ ಅರ್ಧ ಓದಿ ನಿಲ್ಲಿಸಿದವರು ಅವರು. ಪೂರ್ತಿ ಓದಿದ್ರೆ ನಮ್ಮ ಹಾಗೇ ಇರ್ತಿದ್ರು."

ನನಗೆ ಎಂಟು ವರ್ಷವಿರುವಾಗ ಆಂಟಿ ಬಸುರಿಯಾದರು. ಬಹಳ ಕಾಯ್ದ ಮೇಲೆ ಆದ ಬಸಿರು ಎಂಬುದು ದೊಡ್ಡವರ ಪಿಸುಮಾತಿನಿಂದ ನನಗೆ ಗೊತ್ತಾಗಿತ್ತು. ಊಟದ ಮೇಜಿನ ಕುರ್ಚಿಗಳಲ್ಲಿ ಒಂದನ್ನು ಅವರು ಒರೆಸಿ, ಬಿಳಿ ಬಟ್ಟೆ ಹೊದಿಸಿ ಗೋಡೆಗೆ ಸರಿಸಿಟ್ಟರು. ಗಂಡು ಹುಟ್ಟಿದರೆ ಎಂಟನೆಯ ದಿನ ಸುನ್ನತಿ, ಅಂದೇ ಹೆಸರಿಡುವುದು. ಆ ದಿನ ಪ್ರವಾದಿ ಎಲೀಯ ಬಂದು ಕೂರುತ್ತಾನೆ, ಅದಕ್ಕೆ ಆ ಕುರ್ಚಿ. ಅವನು ಬೊಂಬಾಯಿಯಿಂದ ವಿಮಾನದಲ್ಲಿ ಬರುತ್ತಾನೋ ಹಡಗಿನಲ್ಲೋ ಎಂದು ನಾನು ಕೇಳಿದಾಗ ಡೇವಿಡ್ ಅಂಕಲ್ ಗಂಭೀರವಾಗಿ, "ಅವನಿಗೆ ವೀಸಾ ಬೇಡ" ಎಂದಿದ್ದರು. ಗಂಡೇ ಹುಟ್ಟಿತು. ಆದರೆ ದಿನ ತುಂಬದೆ ಹುಟ್ಟಿತು, ಮಮ್ಮಿಯ ವಾರ್ಡಿನಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು, ಎಂಟನೆಯ ದಿನ ಬರುವ ಮೊದಲೇ ಹೋಗಿಬಿಟ್ಟಿತು. ಆಂಟಿ ಇನ್ನೂ ಹಾಸಿಗೆಯಲ್ಲಿದ್ದರು. ಅಂಕಲ್ ಮತ್ತು ನಮ್ಮಪ್ಪ ಹೋಗಿ ಕ್ರಿಶ್ಚಿಯನ್ನರ ಸ್ಮಶಾನದ ಒಂದು ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ಕೆಲವು ದಿನಗಳ ನಂತರ ನಾನು ಮೇಲೆ ಹೋದಾಗ ಬಿಳಿ ಬಟ್ಟೆ ಇರಲಿಲ್ಲ, ಕುರ್ಚಿ ಮೇಜಿನ ಬಳಿಗೆ ಮರಳಿತ್ತು. "ಕೂತ್ಕೊ ಮಗಳೇ, ಊಟ ಮಾಡು" ಎಂದು ಆಂಟಿ ಅದನ್ನೇ ನನಗೆ ಎಳೆದುಕೊಟ್ಟರು. ಎರಡು ವರ್ಷದೊಳಗೆ ಅವರು ಬೊಂಬಾಯಿಗೆ ವಾಪಸಾದರು. ಬಾಗಿಲಿನ ಕೊಳವೆ ಕಿತ್ತ ಜಾಗದಲ್ಲಿ ಓರೆಯಾದ ಒಂದು ಬಿಳಿ ಗುರುತು ಬಹಳ ಕಾಲ ಉಳಿದಿತ್ತು.

ನಡುವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಇತಿಹಾಸ ಬಂತು. ಕೊಂಕಣದ ತೀರದಲ್ಲಿ ಹಡಗು ಒಡೆದು ದಡ ಸೇರಿದವರೆಂದು ಹೇಳಿಕೊಳ್ಳುವ, ಗಾಣದಲ್ಲಿ ಎಣ್ಣೆ ತೆಗೆಯುತ್ತಾ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಆ ಜನರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಸ್ರಾದಿಂದ ಬೊಂಬಾಯಿಯವರೆಗಿನ ಯಹೂದಿ ವ್ಯಾಪಾರಿಗಳ ಜಾಡು ಹಿಡಿದು, ರಜಾದಿನಗಳಲ್ಲಿ ಖೋರಿನ ದಂಡೆಯ ಹಳೆಯ ಗಲ್ಲಿಗಳನ್ನು ಸುತ್ತಿದೆ. ಆದರೂ ದುಬೈಯಲ್ಲಿ 'ಯಹೂದಿ' ಎಂಬ ಪದವನ್ನು ಫೋನಿನಲ್ಲಿ ಹೇಳಬೇಕಾದರೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದೆ. ಯಾರೂ ನನ್ನನ್ನು ಕೇಳಿಸಿಕೊಳ್ಳುತ್ತಿರಲಿಲ್ಲ, ನನ್ನ ಮಗನೂ ಸೇರಿ. ಆಫೀಸಿನಲ್ಲಿ ಉಪ್ಪಿನಂಗಡಿಯ ಹಮೀದ್ ಊಟದ ಡಬ್ಬಿ ತೆರೆಯುವಾಗಲೇ ಕೈಮುಗಿಯುತ್ತಿದ್ದ: "ಮೇಡಂ, ನಿಮಗೆ ಲಂಚ್ ಟೈಮಲ್ಲಿ ಸತ್ತವರೇ ಆಗ್ಬೇಕಾ? ಇವತ್ತಿಗೆ ಖಲಾಸ್ ಮಾಡಿ, ನನ್ನ ಹೆಂಡ್ತಿ ಅಕ್ಕಿಹಿಟ್ಟಿನ ನೈಪತ್ತಿರಿ ಕಳಿಸಿದ್ದಾಳೆ." ನಮ್ಮ ಹಳೆಯ ಕಟ್ಟಡ ಕೆಡವುತ್ತಾರೆಂದು ತಿಳಿದಾಗ ಅದರ ಫೋಟೊ ಒಂದನ್ನು ಇಂಟರ್‌ನೆಟ್ಟಿನ ಗುಂಪೊಂದರಲ್ಲಿ ಹಾಕಿದೆ. ಅಬುಧಾಬಿಯಿಂದ ರೇಚಲ್ ಎಂಬ ಹೆಂಗಸು ಉತ್ತರಿಸಿದಳು. ಹನ್ನಾ ಆಂಟಿ ಬೊಂಬಾಯಿಗೆ ಹೋದ ಮೇಲೆ ಹುಟ್ಟಿದ ಮಗಳು. ಅಂಕಲ್ ತೀರಿಕೊಂಡಿದ್ದರು. ಆಂಟಿ ಠಾಣೆಯಲ್ಲಿದ್ದರು, ಮಗಳನ್ನು ನೋಡಲು ಬರುವವರಿದ್ದರು. "ಅಮ್ಮನಿಗೆ ಸಿಸ್ಟರನ್ನು ನೋಡಬೇಕಂತೆ" ಎಂದಳು. ನನ್ನ ಜೊತೆಗಿದ್ದ ಮಮ್ಮಿಯ ವಿಷಯ ಅದು. ನನಗೋ, ಹೇಳಬೇಕೆಂದರೆ, ಮದುವೆಯ ದಿಬ್ಬಣ ಬರುವಷ್ಟು ಸಂಭ್ರಮ. ಹಳೆಯ ದುಬೈಯ ಯಹೂದಿ ಮನೆಯೊಂದರ ಕಥೆ ಕಾಲುನಡಿಗೆಯಲ್ಲಿ ನನ್ನ ಮನೆಯೊಳಗೇ ಬರುತ್ತಿದೆ! ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡೆ.

ಅವರು ಬರುವ ಹಿಂದಿನ ದಿನ ಅಡುಗೆಮನೆಯಲ್ಲಿ ಮಮ್ಮಿಗೆ ಬೋಧನೆ ಮಾಡುತ್ತಿದ್ದೆ: ಸಿಗಡಿ ಬೇಡ, ತುಪ್ಪ ಬೇಡ, ಮೀನು ಸಾಕು. ಬೆಳ್ಳುಳ್ಳಿ ಸುಲಿಯುತ್ತಿದ್ದ ಮಮ್ಮಿ ತಲೆ ಎತ್ತದೆ ಹೇಳಿದಳು, "ನಿನಗೊಂದು ಗೊತ್ತುಂಟಾ? ಆ ಮಗುವಿಗೆ ನಾನೇ ಜ್ಞಾನಸ್ನಾನ ಕೊಟ್ಟದ್ದು."

"ಯಾವ ಮಗುವಿಗೆ?"

"ಹನ್ನಾಬಾಯಿದು. ಉಳಿಯುದಿಲ್ಲ ಅಂತ ಡಾಕ್ಟರು ಹೇಳಿದ್ರಲ್ಲ. ಪಾದ್ರಿ ಇಲ್ಲದಿದ್ರೆ ಯಾರೂ ಕೊಡ್ಬಹುದು, ನಮಗೆ ಟ್ರೈನಿಂಗಲ್ಲಿ ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ್ದಾರೆ. ಲೋಟದಲ್ಲಿ ನೀರು ತಗೊಂಡು ತಲೆಗೆ ಮೂರು ಸಲ ಹಾಕಿದೆ. ಪಿತ, ಸುತ, ಪವಿತ್ರಾತ್ಮ. ಮಗು ಕಣ್ಣು ಬಿಟ್ಟು ನೋಡಿತು ಮಾರಾಯ್ತಿ."

ಈ ಬಗ್ಗೆ ನಾನು ಓದಿದ್ದೆ. ತಮ್ಮ ಮಕ್ಕಳಿಗೆ ಕದ್ದು ನೀರು ಹಾಕಿ ಕ್ರಿಶ್ಚಿಯನ್ನರನ್ನಾಗಿಸುತ್ತಾರೆಂಬ ಭಯದಲ್ಲಿ ಯಹೂದಿಗಳು ಎಷ್ಟೋ ದೇಶಗಳಲ್ಲಿ ತಲೆಮಾರುಗಟ್ಟಲೆ ಬದುಕಿದ್ದರು. ಅದೆಲ್ಲ ದೂರದ ದೇಶಗಳ, ಕ್ರೂರಿಗಳ ಕಥೆಯೆಂದುಕೊಂಡಿದ್ದೆ. ಅದನ್ನು ಮಾಡಿದವಳು ಇಲ್ಲಿ ನನ್ನ ಕಣ್ಣೆದುರೇ, ನನ್ನ ಹಳೆಯ ನೈಟಿ ತೊಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಹೆಸರೂ ಇಟ್ಟೆ" ಎಂದಳು ಮಮ್ಮಿ, ಸ್ವಲ್ಪ ಹೆಮ್ಮೆಯಿಂದಲೇ. "ಹೆಸರಿಲ್ಲದೆ ಕೊಡ್ಲಿಕ್ಕಾಗುದಿಲ್ಲ. ಹನ್ನಾಬಾಯಿಗೆ ಬೇಸರ ಆಗ್ಬಾರ್ದು ಅಂತ ಅವರ ಅರ್ಧ ಬೈಬಲಿಂದಲೇ ತೆಗ್ದೆ. ಅದರಲ್ಲಿ ಹನ್ನಾ ಅಂತ ಒಬ್ಬಳು ಮಗುವಿಗೋಸ್ಕರ ಅತ್ತು ಅತ್ತು ಬೇಡ್ಲಿಲ್ವಾ? ಅವಳ ಮಗನ ಹೆಸರು. ಸಾಮುವೇಲ."

"ಮಮ್ಮಿ, ನಿನ್ನ ಕಾಲು ಹಿಡಿತೇನೆ. ನಾಳೆ ಇದೊಂದು ಬಾಯಿಬಿಡಬೇಡ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಿದೆ. ಗಂಟೆಗಟ್ಟಲೆ, ಉದಾಹರಣೆ ಸಮೇತ. ಇತಿಹಾಸ ಓದಿದ್ದು ಸಾರ್ಥಕವಾಯಿತು. ಕೊನೆಯಲ್ಲಿ ಅವಳ ಮುಖ ಸಣ್ಣದಾಗಿತ್ತು. "ನಾನು ಕೆಟ್ಟದು ಮಾಡಿದೆನಾ?" ಎಂದು ಕೇಳಿದಳು. ನಾನು ಬೆಳ್ಳುಳ್ಳಿಯ ಸಿಪ್ಪೆ ಬಾಚಿ ಕಸದ ಬುಟ್ಟಿಗೆ ಹಾಕಿದೆ.

ಮರುದಿನ ರೇಚಲ್ ಕಾರಿನಲ್ಲಿ ತಾಯಿಯನ್ನು ಕರೆತಂದಳು. ಆಂಟಿ ಕುಗ್ಗಿ, ಮಡಚಿಟ್ಟ ಸೀರೆಯ ಹಾಗೆ ಸಣ್ಣಗಾಗಿದ್ದರು. ಇಬ್ಬರು ಮುದುಕಿಯರೂ ಸೋಫಾದಲ್ಲಿ ಕೈಕೈ ಹಿಡಿದು ಕೂತು, ಇವಳು ಕೊಂಕಣಿಯಲ್ಲಿ ಅವರು ಮರಾಠಿಯಲ್ಲಿ, ಮೊಣಕಾಲು ನೋವಿನಿಂದ ಹಿಡಿದು ಖಾನ್ ವಾಚ್‌ಮನ್‌ನ ಮೀಸೆಯವರೆಗೆ ಹೋಗಿ ಬಂದರು. ಸಿಗಡಿಯ ಸುದ್ದಿ ಬಂದಾಗ ಆಂಟಿ, "ನೀವು ಕೋಪ ಮಾಡಿಕೊಂಡ ವಾರ ನನಗೆ ಊಟವೇ ಸೇರಲಿಲ್ಲ ಸಿಸ್ಟರ್" ಎಂದರು. "ನಿಮ್ಮ ಖಾನನಿಗೆ ಸೇರಿತಲ್ಲ!" ಎಂದಳು ಮಮ್ಮಿ. ನನ್ನ ಪ್ರಶ್ನೆಗಳಿಗೆ ಜಾಗವೇ ಸಿಗಲಿಲ್ಲ. ಚಹಾ ಆರಿದ ಮೇಲೆ ಆಂಟಿ ಇದ್ದಕ್ಕಿದ್ದಂತೆ ದನಿ ಬದಲಿಸಿದರು.

"ಸಿಸ್ಟರ್, ಒಂದು ಕೇಳಬೇಕಿತ್ತು. ಅದಕ್ಕೇ ಬಂದೆ. ಶುಕ್ರವಾರ ದೀಪ ಹಚ್ಚಿ, ಹೋದವರ ಹೆಸರನ್ನೆಲ್ಲ ಹೇಳುತ್ತೇನೆ. ಆ ಮಗನ ಸರದಿ ಬಂದಾಗ ಬಾಯಿ ಕಟ್ಟುತ್ತದೆ. ಅವನಿಗೆ ಹೆಸರೇ ಇಡಲಿಲ್ಲವಲ್ಲ. ಮಣ್ಣು ಮಾಡುವಾಗಲಾದರೂ ಇಡಬಹುದಿತ್ತಂತೆ. ನಮ್ಮವರಿಗೆ ಗೊತ್ತಿರಲಿಲ್ಲ, ನನಗೆ ಯಾರೂ ಹೇಳಲಿಲ್ಲ. ನಾಳೆ ನಾನು ಮೇಲೆ ಹೋದರೆ ಅವನನ್ನು ಏನೆಂದು ಕೂಗಲಿ? ಇದ್ದಷ್ಟು ದಿನ ಅವನನ್ನು ಎತ್ತಿಕೊಂಡವರು ನೀವು. ನೀವೇನಾದರೂ ಕರೆಯುತ್ತಿದ್ದಿರಿ ಅಲ್ಲವಾ? ಏನು ಕರೆದರೂ ಸರಿ. ನೀವು ಕರೆದದ್ದೇ ಅವನ ಹೆಸರು."

ಮಮ್ಮಿಯ ತುಟಿ ಅಲುಗಿತು. ಅವಳು ಆಂಟಿಯ ಕೈ ಬಿಡದೆ ನನ್ನ ಕಡೆ ನೋಡಿದಳು. ಹೇಳಲಾ ಎಂದು ಕೇಳುವ ಶಾಲೆಯ ಹುಡುಗಿಯ ಹಾಗೆ ನೋಡಿದಳು. ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ಬೇಡವೆಂದು ತಲೆ ಆಡಿಸಿದೆ. ಬೇರೆ ಯಾರಿಗೂ ಕಾಣದಷ್ಟು, ಅವಳಿಗೆ ಮಾತ್ರ ಕಾಣುವಷ್ಟು.

"ಬೇಬಿ ಅಂತ ಕರೀತಿದ್ದೆ ಹನ್ನಾಬಾಯಿ" ಎಂದಳು ಮಮ್ಮಿ. "ವಾರ್ಡಲ್ಲಿ ಎಲ್ಲ ಮಕ್ಕಳನ್ನೂ ಹಾಗೇ ಕರೆಯುದು."

"ಬೇಬಿ" ಎಂದು ಆಂಟಿ ಒಮ್ಮೆ ಹೇಳಿ ನೋಡಿದರು. "ಹೌದು. ಅದೂ ಚೆನ್ನಾಗಿದೆ" ಎಂದು ಮಮ್ಮಿಯ ಕೈಯನ್ನು ಕಣ್ಣಿಗೊತ್ತಿಕೊಂಡರು.

ಅವರನ್ನು ಕಾರಿನವರೆಗೆ ಬಿಟ್ಟು ಮೇಲೆ ಬಂದಾಗ ಮಮ್ಮಿ ಇನ್ನೂ ಸೋಫಾದಲ್ಲೇ ಇದ್ದಳು. ನನ್ನನ್ನು ಬೈಯಲಿಲ್ಲ. ತನಗೇ ಹೇಳಿಕೊಳ್ಳುವ ಹಾಗೆ, "ಅವಳು ಹೆಸರು ಕೇಳಿದ್ದು. ನೀರಿನ ವಿಷಯ ಕೇಳ್ಲಿಲ್ಲ. ಹೆಸರು ಒಂದು ಹೇಳ್ಬಹುದಿತ್ತು" ಎಂದಳು.

ಅಷ್ಟು ಸರಳವಾಗಿತ್ತು. ಇಡೀ ರಾತ್ರಿ ಎಲ್ಲ ಅನಾಹುತಗಳನ್ನೂ ಮುಂಚಿತವಾಗಿ ಊಹಿಸಿದ ನನ್ನ ತಲೆಗೆ ಅದೊಂದು ಹೊಳೆದಿರಲಿಲ್ಲ. ಆಂಟಿಗೆ ನೋವಾಗದಿರಲೆಂದು ತಡೆದೆ ಎಂದು ಆಮೇಲೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ನಿಜ ಹೇಳುವುದಾದರೆ, ನನ್ನ ತಾಯಿ ಅವರ ಕಣ್ಣಲ್ಲಿ ಸಣ್ಣವಳಾಗಬಾರದಿತ್ತು. ಅದಕ್ಕಿಂತ ಮೊದಲು, ಅವರ ಜನರನ್ನು ಅಷ್ಟು ಪ್ರೀತಿಸುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ನಾನು ಸಣ್ಣವಳಾಗಬಾರದಿತ್ತು.

ಮಮ್ಮಿ ಮರುವರ್ಷ ಹೋದಳು. ಸುದ್ದಿ ತಿಳಿದು ಆಂಟಿ ಠಾಣೆಯಿಂದ ಫೋನು ಮಾಡಿದರು. ಅತ್ತರು. ಸಿಸ್ಟರಿನ ಪೂರ್ತಿ ಹೆಸರು ಹೇಳು ಎಂದರು, ಪ್ರಾರ್ಥನೆಗೆ ಅವರ ತಾಯಿಯ ಹೆಸರೂ ಬೇಕು ಎಂದರು, ಹೇಳಿದೆ. ಒಂದೊಂದು ಅಕ್ಷರವನ್ನೂ ತಿರುಗಿ ಉಚ್ಚರಿಸಿ ಸರಿಯಾಗಿದೆಯಾ ಎಂದು ಕೇಳಿದರು. ಆಮೇಲೆ, "ಮತ್ತೇನಾದರೂ ಹೇಳುವುದಿತ್ತಾ ಮಗಳೇ?" ಎಂದರು. ಹಳಬರು ಫೋನು ಇಡುವ ಮೊದಲು ಎಲ್ಲರನ್ನೂ ಹಾಗೇ ಕೇಳುತ್ತಾರೆ. "ಇಲ್ಲ ಆಂಟಿ" ಎಂದೆ.

ಈಚೆಗೆ ರೇಚಲ್ ಸಿಕ್ಕಾಗ ಹೇಳಿದಳು. ಶುಕ್ರವಾರ ಸಂಜೆ ದೀಪದ ಮುಂದೆ ಅವಳ ತಾಯಿ ಈಗ ಎಲ್ಲೂ ತಡೆಯದೆ ಹೆಸರುಗಳನ್ನು ಹೇಳುತ್ತಾರಂತೆ. ತಂದೆ, ತಾಯಿ, ಡೇವಿಡ್ ಅಂಕಲ್, ನನ್ನ ಮಮ್ಮಿ. ಕೊನೆಯಲ್ಲಿ, ಹೀಬ್ರೂ ಮಂತ್ರದ ನಡುವೆ ಸ್ಪಷ್ಟವಾಗಿ, "ಬೇಬಿ". ಹೇಳುತ್ತಾ ರೇಚಲ್ ನಕ್ಕಳು. ಅವಳ ಕಣ್ಣು ಒದ್ದೆಯಾಗಿತ್ತು. ಅಮ್ಮನಿಗೆ ಅದರಿಂದ ಎಷ್ಟು ಸಮಾಧಾನವೆಂದು ನಿಮಗೆ ಗೊತ್ತಿಲ್ಲ ಎಂದಳು.

ಸಾಮುವೇಲ ಎಂಬ ಹೆಸರನ್ನು ಬಲ್ಲವಳು ಈಗ ನಾನೊಬ್ಬಳೇ. ಇಷ್ಟು ದಿನದ ಮೇಲೆ ಅದನ್ನು ಎಲ್ಲಾದರೂ ಬರೆಯಬೇಕೆನಿಸಿತು. ಇಲ್ಲಿ ಬರೆದೆ. ಹನ್ನಾ ಆಂಟಿಗೆ ಕನ್ನಡ ಓದಲು ಬರುವುದಿಲ್ಲ.