ಚನ್ನರಾಯಪ್ಪನ ಬೆರಳ ಸಂದಿ

ವಕ್ಕಲೇರಿ ಪಕ್ಕದ ಹಳ್ಳಿಯಲ್ಲಿ ಚನ್ನರಾಯಪ್ಪನ ಹುಳುಮನೆ ಇದೆ. ರೇಷ್ಮೆ ಹುಳು ಸಾಕುವ ಆ ಉದ್ದನೆಯ ಕೋಣೆಯ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು, ಸೋಪು ಹಚ್ಚಿ ಕೈ ತೊಳೆಯಬೇಕು. ಅದಕ್ಕೂ ಮೊದಲು ಚನ್ನರಾಯಪ್ಪ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಒಮ್ಮೆ ಅವನ ಸ್ವಂತ ಭಾವಮೈದನೇ ಕೈಯಲ್ಲಿ ಇನ್ನೂ ಸಾರಿನ ವಾಸನೆ ಇದೆಯೆಂಬ ಕಾರಣಕ್ಕೆ ಒಳಗೆ ಪ್ರವೇಶ ಸಿಗದೆ ಹೊಂಗೆ ಮರದ ಕೆಳಗೆ ಕೂತಿದ್ದು ಹಾಗೇ ಬಸ್ಸು ಹತ್ತಿದ್ದ. ಸುಣ್ಣಕಟ್ಟು ರೋಗ ಹೊಕ್ಕರೆ ಹುಳುಗಳು ಸೆಟೆದು ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತವೆ. ಅದು ಬೂಷ್ಟಿನಿಂದ ಬರುವ ಕಾಯಿಲೆ, ತೇವ ಇದ್ದಲ್ಲಿ ಬೂಷ್ಟು ಇರುತ್ತದೆ ಎಂದು ಚನ್ನರಾಯಪ್ಪ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಇಷ್ಟೆಲ್ಲ ಬಲ್ಲವನ ಕಾಲ್ಬೆರಳ ಸಂದಿಯಲ್ಲೇ ಬೂಷ್ಟು ಸಂಸಾರ ಹೂಡಿ ವರ್ಷಗಳಾಗಿದ್ದವು. ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಿ ಬಂದು, ಒದ್ದೆ ಕಾಲನ್ನು ಒದ್ದೆ ಗಮ್‌ಬೂಟಿಗೇ ಮತ್ತೆ ತುರುಕುತ್ತಿದ್ದ. ಕಿರುಬೆರಳ ಸಂದಿ ಬೆಳ್ಳಗೆ ನೆನೆದು ಸುಲಿಯುತ್ತಿತ್ತು. ಸಂಜೆ ಹೊಸ್ತಿಲಿಗೆ ಕಾಲು ಉಜ್ಜಿಕೊಳ್ಳುವುದು ಅವನ ಪಾಲಿಗೆ ಒಂದು ಸುಖ. ಅದನ್ನು ಕಾಯಿಲೆ ಎನ್ನಲು ಅವನಿಗೆ ಮನಸ್ಸಿರಲಿಲ್ಲ.

ಈ ಸಲದ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ತಿನ್ನುವುದೊಂದೇ ಅದರ ಕೆಲಸ. ಸೊಪ್ಪು ಹಾಕುತ್ತಿದ್ದ ಚನ್ನರಾಯಪ್ಪ ನಡುವೆ ಬಗ್ಗಿ ಬೆರಳ ಸಂದಿ ಕೆರೆದುಕೊಂಡು, ಅದೇ ಕೈಯಲ್ಲಿ ಮತ್ತೆ ಸೊಪ್ಪು ಎತ್ತಿದ. ಹೆಂಡತಿ ಶಾಮಲಮ್ಮ ನೋಡಿಬಿಟ್ಟಳು.

“ಏನಯ್ಯಾ, ಆ ಕೈಯಲ್ಲೇ ಸೊಪ್ಪು ಮುಟ್ತೀಯಾ?”

“ಮನುಷ್ಯರ ಬೂಷ್ಟು ಬೇರೆ, ಹುಳದ ಬೂಷ್ಟು ಬೇರೆ ಕಣೇ.”

“ಅದನ್ನ ಹುಳಕ್ಕೆ ಹೇಳಿದೀಯಾ? ಕಾಲು ವಾಸಿ ಆಗೋಗಂಟ ನೀನು ಒಳಗೆ ಬರ್ಬೇಡ.”

ಕಾನೂನು ತಾನೇ ಮಾಡಿದ್ದು. ಚನ್ನರಾಯಪ್ಪ ಹೊರಗೆ ಬಂದ. ಇನ್ನೊಂದು ವಾರಕ್ಕೆ ಹುಳು ಹಣ್ಣಾಗುತ್ತದೆ, ಅಂದರೆ ನೂಲು ಬಿಡಲು ತಯಾರಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ನೂಲು ಸುತ್ತಿಕೊಂಡು ಬೆಳೆ ಕೆಡುತ್ತದೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅಷ್ಟರೊಳಗೆ ಕಾಲು ವಾಸಿಯಾಗಲೇಬೇಕಿತ್ತು.

ಅವನಿಗೆ ಒಂದು ಉಪಾಯ ಹೊಳೆಯಿತು. ಸುಣ್ಣಕಟ್ಟು ಬಾರದಿರಲೆಂದು ಹುಳುವಿನ ಮೇಲೆ ಉದುರಿಸುವ ಪುಡಿ ಮನೆಯಲ್ಲೇ ಇತ್ತು. ಅಷ್ಟು ಸೂಕ್ಷ್ಮ ಮೈಯ ಹುಳು ತಡೆದುಕೊಳ್ಳುವುದನ್ನು ತನ್ನ ಚರ್ಮ ತಡೆದುಕೊಳ್ಳದೆ? ಸಂದಿಸಂದಿಗೂ ತುಂಬಿ ಮಲಗಿದ. ಬೆಳಗ್ಗೆ ಕಾಲು ಚಪ್ಪಲಿಯಲ್ಲಿ ಹಿಡಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಘನಾ ಅವನ ಸುಟ್ಟ ಬೆರಳುಗಳನ್ನು ಬಹಳ ಹೊತ್ತು ನೋಡಿದರು.

“ಏನು ಹಾಕಿದ್ರಿ?”

“ಪುಡಿ ಮೇಡಂ. ಹುಳಕ್ಕೆ ಹಾಕೋದು.”

“ನಿಮಗೆ ಯಾರು ಹಾಕು ಅಂದ್ರು?”

“ನಾನೇ ಮೇಡಂ.”

ಡಾಕ್ಟರು ನಗಲಿಲ್ಲ, ನಗು ತಡೆಯಲು ಕಷ್ಟಪಟ್ಟಿದ್ದು ಮಾತ್ರ ಕಾಣುತ್ತಿತ್ತು. “ಮೊದಲು ಸುಟ್ಟಿದ್ದು ಮಾಯಲಿ. ಆಮೇಲೆ ಈ ಮುಲಾಮು, ಬೆಳಗ್ಗೆ ಸಂಜೆ. ತುರಿಕೆ ನಿಂತ್ರೂ ನಾನು ಹೇಳೋವರೆಗೂ ಬಿಡ್ಬೇಡಿ, ಬಿಟ್ರೆ ಮತ್ತೆ ಬರುತ್ತೆ. ಕಾಲು ತೊಳೆದ ಮೇಲೆ ಸಂದಿ ಒಣಗೋ ಹಂಗೆ ಒರೆಸಿ. ಬೂಟು ಬಿಸಿಲಿಗೆ ಇಡಿ. ಟವೆಲ್ ನಿಮ್ಮದು ಬೇರೆ ಇರ್ಲಿ, ಇದು ಅಂಟುತ್ತೆ. ಮನೇಲಿ ಇನ್ಯಾರಿಗಾದ್ರೂ ಇದೆಯಾ?”

“ಇಲ್ಲ ಮೇಡಂ, ನನಗೊಬ್ಬನಿಗೇ,” ಎಂದ ಚನ್ನರಾಯಪ್ಪ.

ಹುಳು ಹಣ್ಣಾದ ದಿನವೂ ಕಾಲು ವಾಸಿಯಾಗಿರಲಿಲ್ಲ. ಬಿಸಿಲಿಗೆ ಕಾಲು ಚಾಚಿ, ಬೆರಳು ಅಗಲಿಸಿಕೊಂಡು, ಬಾಗಿಲ ಜಾಲರಿಯ ಹೊರಗೆ ಕೂತಿದ್ದ. ಒಳಗೆ ಶಾಮಲಮ್ಮ ಒಬ್ಬಳೇ ಹುಳು ಆರಿಸುತ್ತಿದ್ದಳು. ಅವಳು ನಿಂತಲ್ಲೇ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು ಉಜ್ಜಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಉಜ್ಜಿದಳು. ಆ ಉಜ್ಜುವಿಕೆ ಚನ್ನರಾಯಪ್ಪನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

“ಲೇ, ಬಾ ಇಲ್ಲಿ. ಕಾಲು ತೋರ್ಸು.”

“ಹುಳು ಸೊಪ್ಪಲ್ಲೇ ನೂಲು ಬಿಡ್ತಾ ಅವೆ, ಈಗ ಕಾಲು ನೋಡ್ತೀಯಾ?”

ಆದರೂ ಬಂದು ತೋರಿಸಿದಳು. ಒಂದು ಸಂದಿಯೂ ಉಳಿದಿರಲಿಲ್ಲ. ಅವನದಕ್ಕಿಂತ ಕೆಟ್ಟಿತ್ತು, ಒಂದೆರಡು ಕಡೆ ಬಿರಿದು ರಕ್ತ ಒಸರಿತ್ತು.

“ಯಾವಾಗಿಂದ?”

“ನಿಂದು ಶುರುವಾದ ಮೇಲೆ. ಇಬ್ಬರಿಗೂ ಒಂದೇ ಟವೆಲ್ ಅಲ್ವಾ?”

“ಮತ್ತೆ ನನ್ನ ಯಾಕೆ ಹೊರಗೆ ಹಾಕ್ದೆ?”

“ನಾನು ಕೆರ್ಕೊಂಡ ಕೈಯಲ್ಲಿ ಸೊಪ್ಪು ಮುಟ್ಟಿದ್ದು ನೋಡಿದೀಯಾ? ಹಂಗಾದ್ರೂ ನೀನು ಡಾಕ್ಟ್ರ ಹತ್ರ ಹೋಗ್ತೀಯ ಅಂತ.”

“ನನಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನನ್ನ ಒಳಗೆ ಬಿಡ್ತಿದ್ಯಾ?”

ಸುಳ್ಳು ಹೇಳಬಹುದಿತ್ತು. ಚನ್ನರಾಯಪ್ಪ ಬಿರಿದ ಆ ಬೆರಳುಗಳನ್ನು ಮತ್ತೊಮ್ಮೆ ನೋಡಿದ. ಇಷ್ಟು ವರ್ಷ ಊರವರ ಕಾಲನ್ನೆಲ್ಲ ನೋಡಿದವನಿಗೆ ಮನೆಯವಳ ಕಾಲು ನೋಡದ್ದಕ್ಕೆ ನಾಚಿಕೆಯಾಯಿತು.

“ಬಿಡ್ತಿರ್ಲಿಲ್ಲ,” ಎಂದ.

“ಗೊತ್ತು,” ಎಂದು ಶಾಮಲಮ್ಮ ಒಳಗೆ ಹೋದಳು. ಹೋಗುವಾಗ ಬಾಗಿಲು ತೆರೆದೇ ಬಿಟ್ಟಳು.

ಅವನು ಎದ್ದು, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡ. ಒಗೆದ ಸಾಕ್ಸ್ ಎರಡು ಜೊತೆ ತಂದು, ಒಂದನ್ನು ತಾನು ಹಾಕಿಕೊಂಡು ಒಳಗೆ ಹೋಗಿ, ಇನ್ನೊಂದನ್ನು ಅವಳಿಗೆ ಕೊಟ್ಟ.