ಎಂಟು ವಾಲ್ವುಗಳ ಜೊತೆ ದಾವಣಗೆರೆ, ಹರಿಹರ

ಮಂಗಳವಾರ ಬೆಳಿಗ್ಗೆ ಅರಸೀಕೆರೆಯಲ್ಲಿ ರೈಲು ಹತ್ತುವಾಗ ನನ್ನ ಬಳಿ ಎರಡು ಸಾಮಾನಿದ್ದವು. ಒಂದು ಬಟ್ಟೆಯ ಚೀಲ. ಇನ್ನೊಂದು, ಹಳೆಯ ಜಮಖಾನದಲ್ಲಿ ಸುತ್ತಿ ಹಗ್ಗ ಬಿಗಿದಿದ್ದ ಕಾರಿನ ಎಂಜಿನ್ನಿನ ಮೇಲ್ಭಾಗ. ಎರಕದ ಕಬ್ಬಿಣದ ಈ ಗಟ್ಟಿಗೆ ಮೆಕ್ಯಾನಿಕ್ಕುಗಳು 'ಹೆಡ್' ಎನ್ನುತ್ತಾರೆ. ಕೂಲಿಯವನು ಅದನ್ನು ಎತ್ತಿ, "ಒಳಗೇನ್ ಸ್ವಾಮಿ, ರುಬ್ಬೋ ಗುಂಡಾ?" ಎಂದು ಕೇಳಿದ. ಟಿಕೆಟ್ ಕಲೆಕ್ಟರು ಬಿಚ್ಚಿಸಿ ನೋಡಿ, ಇದು ಲಗೇಜೋ ಅಲ್ಲವೋ ಎಂದು ಬೀರೂರು ಬರುವವರೆಗೂ ಯೋಚಿಸಿ, ಕೊನೆಗೆ ಮುಂದಿನ ಡಬ್ಬಿಗೆ ನಡೆದರು.

ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನಗೆ ಈ ಭಾರ ಗಂಟುಬಿದ್ದದ್ದು ಶಿವಣ್ಣನಿಂದ. ಅವನು ತೆಂಗಿನಕಾಯಿ ವ್ಯಾಪಾರಿ, ನನ್ನ ಬಾಲ್ಯದ ಗೆಳೆಯ. ಅವನ ಬಳಿ ಇಬ್ಬರು ಕೂರುವ, ಮೇಲೆ ಚಾವಣಿಯಿಲ್ಲದ ಒಂದು ಹಳೆಯ ಇಂಗ್ಲಿಷ್ ಕಾರಿದೆ. ಬೆಂಗಳೂರಿನ ಹತ್ತಿರ ಪಾಳುಬಿದ್ದ ವಿಮಾನದ ಮೈದಾನವೊಂದರಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರು ಓಟಕ್ಕೆ ಅದನ್ನು ಒಯ್ಯುತ್ತಾನೆ. ಹೋದ ಸಲ ವೇಗ ಏರಿದಾಗ ಎಂಜಿನ್ ತೊದಲಿ, ಒಂದು ವಾಲ್ವು ಬಾಗಿ, ಕಾರನ್ನು ಎತ್ತು ಕಟ್ಟಿ ಎಳೆಸಬೇಕಾಯಿತು. ಹೊರದೇಶದ ಬಿಡಿಭಾಗಗಳು ಈಗ ಕಣ್ಣಿಗೂ ಸಿಗುವುದಿಲ್ಲ. ಆ ವಾರದ ಭಾನುವಾರವೇ ಮತ್ತೆ ಓಟ. ಈ ಸಲವೂ ಕೈಕೊಟ್ಟರೆ ಕಾರನ್ನು ಮಾರಿಬಿಡುವುದಾಗಿ ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಗಿರಾಕಿಯೂ ಸಿದ್ಧನಿದ್ದ, ಎಂಜಿನ್ ಬಿಚ್ಚಿ ಬಾವಿಯ ಪಂಪಿಗೆ ಜೋಡಿಸುತ್ತಾನಂತೆ. ಆ ಮಾತು ಕೇಳಿ, ಹೆಡ್ಡನ್ನು ನಾನೇ ಒಯ್ದು ರಿಪೇರಿ ಮಾಡಿಸಿ ತರುತ್ತೇನೆಂದು ಒಪ್ಪಿಕೊಂಡಿದ್ದೆ.

ಬೀರೂರಿನಲ್ಲಿ ಕಾಫಿ, ಚಿಕ್ಕಜಾಜೂರಿನಲ್ಲಿ ಒಂದು ಗಂಟೆ ವೃಥಾ ಕಾಯುವಿಕೆ. ದಾವಣಗೆರೆಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿತ್ತು. ಕನ್ನಡಕದ ಮೇಲೂ ಬಂದು ಕೂತಿತು. ಜಟಕಾದವನಿಗೆ ಎಂಟಾಣೆ ಕೊಟ್ಟು ಹತ್ತಿ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಬಂದೆ. ಅಲ್ಲಿ ದಸ್ತಗೀರ್ ಸಾಬರ ಅಂಗಡಿ. ಲಾರಿ, ಪಂಪುಗಳ ಹೆಡ್ಡುಗಳನ್ನು ರಿಪೇರಿ ಮಾಡುವುದರಲ್ಲಿ ಇಡೀ ಸೀಮೆಗೆ ಹೆಸರಾದ ಅರವತ್ತರ ಮನುಷ್ಯ.

"ಏನ್ರಿ ಇದರ ರೋಗ?" ಎಂದರು.

"ಜೋರಾಗಿ ಓಡಿಸಿದರೆ ತೊದಲುತ್ತೆ, ಸಾಬ್ರೆ."

ಅವರು ವಾಲ್ವನ್ನು ಮುಚ್ಚುವ ಹಳೆಯ ಸ್ಪ್ರಿಂಗೊಂದನ್ನು ಬಿಚ್ಚಿ, ಅದೇ ಅಳತೆಯ ಹೊಸ ಸ್ಪ್ರಿಂಗೊಂದರ ತುದಿಗೆ ತುದಿ ಸೇರಿಸಿ ಎರಡನ್ನೂ ಒಟ್ಟಿಗೆ ಬೆಂಚಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಗಳ ನಡುವೆ ಇಟ್ಟು ತಿರುಗಿಸಿದರು. ನಮ್ಮದು ಮೊದಲು ಕುಸಿಯಿತು. ಹೊಸದು ಇನ್ನೂ ಎದೆಯುಬ್ಬಿಸಿ ನಿಂತಿತ್ತು. ತಕ್ಕಡಿಯಿಲ್ಲ, ಕಲ್ಲಿಲ್ಲ, ಆದರೂ ನಾನು ಉತ್ತರ ಕಣ್ಣಾರೆ ಕಂಡೆ.

"ವಾಲ್ವು ಅಂದ್ರ ಬಾಗ್ಲು ಇದ್ದಂಗ್ರಿ. ತೆಗಿತೈತೆ, ಮುಚ್ತೈತೆ. ನಿಮ್ದು ಮುಚ್ಚಾದ್ರೊಳಗ ಮತ್ತೆ ತೆಗಿ ಅಂತ ಹುಕುಂ ಬರ್ತೈತೆ. ಪಾಪ, ಏನ್ ಮಾಡ್ತೈತೆ ಅದು?"

ಅವರ ಮದ್ದು ಸುಲಭವಾಗಿತ್ತು: ಹೊಸ ಸ್ಪ್ರಿಂಗಿನ ಹೊಟ್ಟೆಯೊಳಗೆ ಬೇರೊಂದು ಎಂಜಿನ್ನಿನ ಚಿಕ್ಕ ಸ್ಪ್ರಿಂಗು ಕೂರಿಸಿ ಜೋಡಿ ಮಾಡುವುದು. ಆದರೆ ಜೋಡಿಯನ್ನು ಮೇಲಿನಿಂದ ಹಿಡಿಯುವ, ಬಟ್ಟಲಿನಾಕಾರದ ಕಪ್ಪುಗಳನ್ನು ಲೇತಿನಲ್ಲಿ ಹೊಸದಾಗಿ ಕಡೆಸಬೇಕು. ಅದಕ್ಕೆ ಹರಿಹರದ ಟರ್ನರ್ ರುದ್ರಪ್ಪನವರೇ ಆಗಬೇಕೆಂದರು.

ಬಾಗಿದ್ದರ ಬದಲಿಗೆ ಗುಜರಿಯಿಂದ ಒಂದನ್ನು ಹೊಂದಿಸಿ, ಆ ಮಧ್ಯಾಹ್ನವೆಲ್ಲ ಅವರು ಎಂಟು ವಾಲ್ವುಗಳನ್ನೂ ಅವುಗಳ ಕುಳಿಗಳಲ್ಲಿ ಮಸೆದರು. ಮರಳಿನಂತೆ ತರಿಯಾದ ಪೇಸ್ಟು ಹಚ್ಚಿ, ತುದಿಗೆ ರಬ್ಬರಿರುವ ಕೋಲನ್ನು ವಾಲ್ವಿಗೆ ಅಂಟಿಸಿ, ಮಜ್ಜಿಗೆ ಕಡೆಯುವಂತೆ ಎರಡು ಅಂಗೈ ನಡುವೆ ತಿರುಗಿಸುವ ಕೆಲಸ. ಹೀಗೆ ಮಸೆದ ವಾಲ್ವು ತನ್ನ ಕುಳಿಗೆ ಮಾತ್ರ ಸರಿಯಾಗಿ ಕೂರುತ್ತದೆ, ಪಕ್ಕದ ಕುಳಿಗೆ ಅಲ್ಲ. ಅದಕ್ಕೆ ಅವರು ಒಂದೊಂದರ ಕಡ್ಡಿಗೂ ಗಿರಣಿಯ ನೂಲು ಕಟ್ಟಿ ಗಂಟು ಹಾಕಿದರು: ಮೊದಲನೆಯದಕ್ಕೆ ಒಂದು, ಎಂಟನೆಯದಕ್ಕೆ ಎಂಟು. "ಓದಾಕೆ ಬರಲ್ರಿ ನನಗ. ಎಣ್ಸಾಕೆ ಬರ್ತೈತೆ," ಎಂದು ನಕ್ಕರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಆದರೂ ತಟ್ಟೆ ಬಿಡಲಿಲ್ಲ.

ಬುಧವಾರ ವಾಲ್ವು, ಸ್ಪ್ರಿಂಗುಗಳನ್ನಷ್ಟೇ ಬಟ್ಟೆಯಲ್ಲಿ ಕಟ್ಟಿಕೊಂಡು ಹರಿಹರಕ್ಕೆ ಹೊರಟೆ. ಒಂಬತ್ತು ಮೈಲಿ, ಬಸ್ಸಿಗೆ ನಲವತ್ತು ಪೈಸೆ. ಪಕ್ಕದಲ್ಲಿ ಭಾನುವಳ್ಳಿಯ ರೈತರೊಬ್ಬರು ಕೂತಿದ್ದರು. ನನ್ನ ತೊಡೆಯ ಮೇಲಿನದು ಏನೆಂದು ಕೇಳಿ, ಬಿಚ್ಚಿಸಿ, ಒಂದು ವಾಲ್ವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಮ್ ಪಂಪಿಂದು ಇದರ ಎರಡರಷ್ಟು ಐತ್ರಿ. ಇಷ್ಟ್ ಸಣ್ದು ಎಷ್ಟ್ ನೀರ್ ಎತ್ತೈತೆ?"

"ನೀರು ಎತ್ತಲ್ಲ, ಯಜಮಾನ್ರೆ. ಕಾರು ಓಡಿಸುತ್ತೆ. ರೇಸಿಗೆ."

"ಎಲ್ಲಿಗ್ ಹೋಗ್ತೀರಿ ಅದರಾಗ?"

"ಎಲ್ಲಿಗೂ ಇಲ್ಲ. ಸುತ್ತು ಹೊಡೆದು ಹೊರಟಲ್ಲಿಗೇ ಬರೋದು."

ಅವರು ನನ್ನ ಮುಖವನ್ನು ದೀರ್ಘವಾಗಿ ನೋಡಿ, ವಾಲ್ವನ್ನು ವಾಪಸು ಕೊಟ್ಟು, ಕಿಟಕಿಯ ಕಡೆ ತಿರುಗಿ ಕೂತರು.

ರುದ್ರಪ್ಪನವರದು ಹೊಳೆಯ ಕಡೆಗಿನ ಬೀದಿ. ಬೆಳಗಿನ ಪಾಳಿ ಮುಗಿಸಿ ಕಾರ್ಖಾನೆಯಿಂದ ಬಂದವರು ರೊಟ್ಟಿ ತಿಂದು, ನನಗೂ ತಿನ್ನಿಸಿ, ಮನೆಯ ಮುಂದಿನ ತಗಡಿನ ಚಪ್ಪರದಲ್ಲಿದ್ದ ಲೇತಿನ ಬಳಿ ಕರೆದೊಯ್ದರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಮೈಕ್ರೋಮೀಟರು. ಸ್ಪ್ರಿಂಗುಗಳನ್ನು ಅಮುಕಿ ನೋಡಿ ಮೂಗು ಮುರಿದರು.

"ಸಾಬ್ರು ಯಾವಾಗ್ಲೂ ಬಿಗಿ ಏರ್ಸು ಅಂತಾರ. ನಾನು ಭಾರ ಇಳ್ಸು ಅಂತೀನಿ. ಹೊರೋದು ಹಗುರಾದ್ರ ಎಳಿಯೋರ್ಗೆ ಅಷ್ಟ್ ಬಲ ಯಾಕ ಬೇಕ್ರಿ?"

ಒಂಬತ್ತು ಮೈಲಿ ಅಂತರದಲ್ಲಿ ಎರಡು ಸಿದ್ಧಾಂತ! ಇಬ್ಬರೂ ಸರಿಯೆಂದು ನನಗೆ ಅನಿಸಿತು. ರುದ್ರಪ್ಪನವರು ಒಳ್ಳೆಯ ಉಕ್ಕಿನಲ್ಲಿ ಕಪ್ಪುಗಳನ್ನು ಕಡೆದರು. ಹಳೆಯದರ ಪಕ್ಕದಲ್ಲಿಟ್ಟರೆ ಹಪ್ಪಳದ ಹಾಗೆ ತೆಳು. ಅಷ್ಟಕ್ಕೇ ಬಿಡಲಿಲ್ಲ. ಎಂಟು ವಾಲ್ವೂ ತಮ್ಮ ಕಪ್ಪಿನ ಸಮೇತ ಒಂದೇ ತೂಕ ಇರಬೇಕೆಂದು ಪಕ್ಕದ ಮನೆಯ ಅಕ್ಕಸಾಲಿಗರ ತಕ್ಕಡಿ ತರಿಸಿದರು. ಗುಲಗಂಜಿ ತೂಗುವ ತಕ್ಕಡಿಯಲ್ಲಿ ವಾಲ್ವು ತೂಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ನಾನು ಮೂಗು ತೂರಿಸಿದೆ. ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಔಷಧಿ ತೂಗುವಾಗ ಕೆಳಗಿನ ಕಾಗದದ ತೂಕವನ್ನೂ ಕಳೆಯುವವನು ನಾನು. ನೂಲಿನ ಗಂಟುಗಳಿಂದ ಲೆಕ್ಕ ತಪ್ಪುತ್ತದೆಂದು, ರುದ್ರಪ್ಪನವರು ಕೇಳುವ ಮೊದಲೇ, ಎಂಟರ ನೂಲನ್ನೂ ಬಿಚ್ಚಿ ಎಸೆದೆ. ಅವರು ವಾಲ್ವುಗಳನ್ನು ತೂಕದ ಪ್ರಕಾರ ಸಾಲಾಗಿ ಇಟ್ಟು, ಅರದಲ್ಲಿ ಉಜ್ಜಿ ಸರಿದೂಗಿಸಿದರು. ಗುರುವಾರ ಬೆಳಿಗ್ಗೆ ನಾನು ಸಂಭ್ರಮದಿಂದ ದಾವಣಗೆರೆಯ ಮೊದಲ ಬಸ್ಸು ಹತ್ತಿದೆ.

ದಸ್ತಗೀರ್ ಸಾಬರು ಬಟ್ಟೆ ಬಿಚ್ಚಿದರು. ಕಪ್ಪುಗಳನ್ನು ಕಂಡು "ವಾಹ್" ಎಂದರು. ಆಮೇಲೆ ವಾಲ್ವುಗಳ ಕಡ್ಡಿ ಸವರಿದರು.

"ದಾರ ಎಲ್ಲಿ?"

ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಎಂಟನ್ನೂ ಒಂದೊಂದಾಗಿ ನೋಡಿ, ಗುರುತು ಸಿಗದೆ ಕೆಳಗಿಟ್ಟರು. ಅರ್ಧ ದಿನದ ಅವರ ಅಂಗೈ ಕೆಲಸವನ್ನು ನಾನು ಹರಿಹರದ ಕಸದಲ್ಲಿ ಬಿಟ್ಟು ಬಂದಿದ್ದೆ.

"ನಾನೂ ಮಸೀತೀನಿ, ಸಾಬ್ರೆ," ಎಂದೆ.

ಇನ್ನೊಂದು ಕೋಲು ಕೊಟ್ಟರು. ನಾಲ್ಕು ಅವರು, ನಾಲ್ಕು ನಾನು. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಸ್ಪ್ರಿಂಗುಗಳನ್ನೂ ಕೂರಿಸಿ, ವಾಲ್ವುಗಳ ಹಿಂದಿನ, ಗಾಳಿ ಹೊಗೆ ಹಾಯುವ ದಾರಿಗಳಿಗೆ ಸೀಮೆಎಣ್ಣೆ ತುಂಬಿದರು. ಇದು ಆ ಅಂಗಡಿಯ ಕಟ್ಟಳೆ. ಅವರು ನಮಾಜು ಮುಗಿಸಿ, ಊಟ ಮಾಡಿ ಬರುವ ತನಕ ಎಣ್ಣೆ ನಿಲ್ಲಬೇಕು. ಒಂದು ವಾಲ್ವಿನ ಅಂಚಿನಲ್ಲಿ ತೇವ ಕಂಡರೂ ಹೆಡ್ಡು ಹೊಸ್ತಿಲು ದಾಟುವಂತಿಲ್ಲ.

ನಾನು ಊಟಕ್ಕೆ ಹೋಗದೆ ಕಾವಲು ಕೂತೆ. ಏಳು ಒಣಗಿಯೇ ಇದ್ದವು. ಎಂಟನೆಯದರ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ಹನಿ ಮೂಡಿತು. ಅದು ನಾನು ಮಸೆದದ್ದು. ಮೂರು ಗಂಟೆಗೆ ರೈಲು. ಶುಕ್ರವಾರವೆಲ್ಲ ಕೂತು ಹೆಡ್ಡು ಜೋಡಿಸಬೇಕೆಂದು ಶಿವಣ್ಣ ಕಾಯುತ್ತಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಕೈಗೆ ಎಟುಕುವಲ್ಲಿ ಒರೆಸುವ ಬಟ್ಟೆ ಇತ್ತು. ಅದನ್ನು ಕೈಗೆತ್ತಿಕೊಂಡದ್ದೂ ನಿಜ. ಆಮೇಲೆ ಆ ವಾಲ್ವಿನ ಹಿಂದೆ ಚಾವಣಿಯಿಲ್ಲದ ಕಾರಿನಲ್ಲಿ ಕೂರುವವನು ನೆನಪಾದ. ಬಟ್ಟೆ ಕೆಳಗಿಟ್ಟೆ.

ಸಾಬರು ಬಂದು ಬಗ್ಗಿ ನೋಡಿದರು.

"ಒಂದೇ ಹನಿ," ಎಂದೆ, ಕೇಳಿಸಿಯೂ ಕೇಳಿಸದಂತೆ.

"ಇದು ಹೊಗಿ ಹೋಗೋ ಬಾಗ್ಲ್ರಿ. ಇವತ್ತು ಹನಿ, ನಾಳೆ ಬೆಂಕಿ. ಸುಟ್ಟು ಮುರದ್ರ ಎಂಜಿನ್ ಒಳಗೇ ಬೀಳ್ತೈತೆ. ಓಡ್ಸೋರು ನಿಮಗ ಏನಾಗ್ಬೇಕು?"

"ಗೆಳೆಯ."

"ಹಂಗಾರ ರೈಲು ಬ್ಯಾಡ."

ನಾನು ಟಪಾಲು ಕಚೇರಿಗೆ ಹೋಗಿ ತಂತಿ ಕೊಟ್ಟೆ: ನನ್ನ ತಪ್ಪು, ನಾಳೆ ಬರುವೆ. ವಾಪಸು ಬಂದಾಗ ಅವರು ಎಂಟನೆಯ ಕುಳಿಯನ್ನೇ ಹೊಸದಾಗಿ ಕೆತ್ತುತ್ತಿದ್ದರು. ಮಸೆಯುವ ಕೋಲನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಬೊಬ್ಬೆಗೆ ಬಟ್ಟೆ ಸುತ್ತಿ ಕತ್ತಲಾಗುವವರೆಗೆ ತಿರುಗಿಸಿದೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಎಣ್ಣೆ ತುಂಬಿ ನೋಡಿದಾಗ ಎಂಟೂ ಒಣಗಿದ್ದವು. ಜಟಕಾ ಹತ್ತುವಾಗ ಸಾಬರು ಒಂದು ಸೀಸೆ ಸೀಮೆಎಣ್ಣೆ ಕೊಟ್ಟು, ರೈಲಿನಲ್ಲಿ ಕುಲುಕಿರುತ್ತದೆ, ಊರಲ್ಲಿ ಇನ್ನೊಮ್ಮೆ ನೋಡಿಯೇ ಜೋಡಿಸಬೇಕೆಂದರು. ಅರಸೀಕೆರೆಯ ಪ್ಲಾಟ್‌ಫಾರಮ್ಮಿನಲ್ಲಿ ಶಿವಣ್ಣ ಸಿಡಿಮಿಡಿಗೊಂಡು ನಿಂತಿದ್ದ. ನನ್ನ ಅಂಗೈ ನೋಡಿ, ಹೆಡ್ಡಿನ ಹಗ್ಗಕ್ಕೆ ತಾನೇ ಕೈ ಹಾಕಿದ. ಕಲ್ಲುಬೆಂಚಿನ ಮೇಲೆಯೇ ಜಮಖಾನ ಬಿಚ್ಚಿ, ಎಣ್ಣೆ ಸುರಿದು, ಇಬ್ಬರೂ ಎರಡೆರಡು ಲೋಟ ಕಾಫಿ ಕುಡಿದೆವು. ತೇವವಿಲ್ಲ. ಆ ರಾತ್ರಿಯೇ ಕೂತು ಹೆಡ್ಡನ್ನು ಕಾರಿಗೆ ಜೋಡಿಸಿ, ಶನಿವಾರ ಬೆಂಗಳೂರಿನ ದಾರಿ ಹಿಡಿದೆವು.

ಭಾನುವಾರ ಮೈದಾನದ ತಂತಿಬೇಲಿಯ ಬಳಿ ಕ್ಯಾಮರಾ ಹಿಡಿದು ನಿಂತಿದ್ದೆ. ಹೋದ ಸಲ ತೊದಲಿದ ಜಾಗಕ್ಕೆ ಕಾರು ಬಂದಾಗ ಕಣ್ಣು ಮುಚ್ಚಿಕೊಂಡೆ. ಹಾಗಾಗಿ ಮೊದಲ ಸುತ್ತಿನ ಫೋಟೋ ಇಲ್ಲ. ಸದ್ದು ಮಾತ್ರ ಒಂದೇ ಎಳೆಯಾಗಿ ಏರುತ್ತಾ ಹೋಯಿತು, ಎಲ್ಲಿಯೂ ತುಂಡಾಗಲಿಲ್ಲ. ನಾವು ನಾಲ್ಕನೆಯವರಾಗಿ ಬಂದೆವು. ಶಿವಣ್ಣ ಇಳಿದವನೇ, "ಪಂಪಿನವನಿಗೆ ಬೇರೆ ಎಂಜಿನ್ ಹುಡುಕಿಕೊಡೋಣ ಕಣೋ," ಎಂದು ನನ್ನ ಹೆಗಲಿಗೆ ಗುದ್ದಿದ.

ಎರಡನೆಯ ಸುತ್ತಿನ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿ, ಹರಿಹರಕ್ಕೊಂದು, ದಾವಣಗೆರೆಗೊಂದು ಕಳಿಸಿದೆ. ಜೊತೆಗೆ ಓಟದ ವರ್ಣನೆ ನಾಲ್ಕು ಪುಟ. ಹತ್ತು ದಿನಗಳ ಮೇಲೆ ದಸ್ತಗೀರ್ ಸಾಬರು ಯಾರ ಕೈಯಲ್ಲೋ ಬರೆಸಿದ ಕಾರ್ಡು ಬಂತು: "ಫೋಟೋ ಮುಟ್ಟಿತು. ಕಾರು ಚೆನ್ನಾಗಿದೆ. ಕಾಗದವನ್ನು ಎರಡು ಸಲ ಓದಿಸಿದೆ. ಎಂಟನೆಯ ವಾಲ್ವಿನ ಸಂಗತಿ ಅದರಲ್ಲಿ ಇಲ್ಲ."

ಆ ದಿನವೇ ಶಿವಣ್ಣನ ಮನೆಗೆ ಹೋಗಿ, ಹೆಡ್ಡು ಬಿಚ್ಚಿಸಿ, ಸೀಮೆಎಣ್ಣೆ ತುಂಬಿ ಕಾದೆ. ಆಮೇಲೆ ಒಂದು ಕಾರ್ಡಿನಲ್ಲಿ ಒಂದೇ ಸಾಲು ಬರೆದು ಟಪಾಲಿಗೆ ಹಾಕಿದೆ: "ಸೋರಿಲ್ಲ, ಸಾಬ್ರೆ."