ಗಡ್ಡೆಯ ಸಗಣಿ ಗಡ್ಡೆಗೇ

ತುಂಗಭದ್ರೆಯ ನಡುವೆ ನಮ್ಮದು ನಾಲ್ಕು ಮನೆಗಳ ನಡುಗಡ್ಡೆ. ಎಂಬತ್ತನೇ ಇಸವಿಯ ಆಸುಪಾಸು ಆದೋನಿಯಿಂದ ಕರೆಂಟಿನವನೊಬ್ಬ ಬಂದ. ಹರಿಗೋಲಿನಿಂದ ಇಳಿಯದೆಯೇ ಹೇಳಿದ: "ನೀರಾಗ ಕಂಬ ನಿಂದ್ರಂಗಿಲ್ಲಮ್ಮ. ದೀಪ ಬೇಕಂದ್ರ ದಡಕ್ಕ ಬಂದು ಇರ್ರಿ."

ದಡದ ಗೌಡನಿಗೂ ಅದೇ ಬೇಕಿತ್ತು. ನಾವು ಗಡ್ಡೆ ಬಿಟ್ಟು ಎದ್ದರೆ ಅದರ ಮೆಕ್ಕಲು ಮಣ್ಣು ಅವನದು, ನಾವು ಅವನ ಕೂಲಿಯವರು. ಕಟ್ಟಿಗೆ, ಸೀಮೆಎಣ್ಣೆ ಎಲ್ಲ ಅವನ ದಡದಿಂದಲೇ ಬರಬೇಕು. ಹೊಳೆ ತುಂಬಿದಾಗ ಒಲೆ ಆರಿಸಿಕೊಂಡು, ನೆನೆಸಿದ ಹೆಸರುಕಾಳು ತಿಂದು ಕೂತಿದ್ದೇವೆ.

ಆದರೂ ಏಳುವವಳು ನಾನಲ್ಲ. ಆದೋನಿಗೆ ಮೂರು ಸಲ ಅಲೆದು, ಅರ್ಜಿಗೆ ಸೊಟ್ಟ ಸಹಿ ಹಾಕಿ, ಗೋಬರ್ ಗ್ಯಾಸ್ ತಂದೆ. ಗುಂಡಿ ತೋಡಿ, ಎರಡು ಹರಿಗೋಲು ಜೋಡಿಸಿ, ಅದರ ಮೇಲೆ ಮುಚ್ಚುವ ಕಬ್ಬಿಣದ ಡ್ರಮ್ಮು ದಾಟಿಸಿದೆವು.

ತಿಂಗಳಾದರೂ ಸಗಣಿಯಿಂದ ಗುಂಡಿ ಅರ್ಧ ತುಂಬಲಿಲ್ಲ. ತಪ್ಪು ನಮ್ಮದೇ. ನಮ್ಮ ದನ ಬೆಳಗ್ಗೆ ಈಜಿ ಗೌಡನ ಹೊಲಕ್ಕೆ ಮೇಯಲು ಹೋಗಿ, ಸಂಜೆ ಈಜಿ ಬರುತ್ತಿದ್ದವು. ಸಗಣಿ ಯಾರ ನೆಲದಲ್ಲಿ ಬಿತ್ತೋ ಅವರದೇ ಎಂಬುದು ಹಳೆಯ ರೂಢಿ. ಗುಂಡಿ ತೋಡುವಾಗ ಅದು ಒಬ್ಬರಿಗೂ ಹೊಳೆಯಲಿಲ್ಲ.

ಸಗಣಿ ಎತ್ತಲು ಬುಟ್ಟಿ ಹಿಡಿದು ಅವನ ಹೊಲಕ್ಕೆ ಹೋದೆ. ಗೌಡ ನಕ್ಕ: "ಏನಬೇ, ಮೇವು ನಂದು, ಸಗಣಿ ನಿಂದಾ?"

"ಇಟ್ಕಳ್ರಿ ಗೌಡ್ರ. ನಾಳಿಂದ ನಮ್ಮ ದನ ನಿಮ್ಮ ಹೊಲದಾಗ ಬಾಲ ಎತ್ತಂಗಿಲ್ಲ."

ಮರುದಿನದಿಂದ ದನ ಗಡ್ಡೆಯಲ್ಲೇ ಕಟ್ಟಿದೆವು. ಹೊಳೆಯಂಚಿನ ಹುಲ್ಲು, ಜೊಂಡು ಕೊಯ್ದು ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು. ಅತ್ತೆ ಬೈದಳು: "ದನ ಮನ್ಯಾಗ, ಹೆಂಗಸ್ರು ಹುಲ್ಲಿನ್ಯಾಗ! ಚೊಲೋ ಐತಿ ನಿನ್ನ ಸಂಸಾರ." ಬೈಯುತ್ತಲೇ ಸಗಣಿ ಕಲಸಿದಳು. ಗುಂಡಿ ತುಂಬಿತು. ಕೆಲವು ದಿನಕ್ಕೆ ಗ್ಯಾಸು ತುಂಬಿ ಡ್ರಮ್ಮು ಮೇಲೆದ್ದು, ನಾಲ್ಕೂ ಮನೆಯ ರೊಟ್ಟಿಗೆ ನೀಲಿ ಉರಿ ಹತ್ತಿತು.

ಆ ಶ್ರಾವಣದಲ್ಲಿ ಹೊಳೆ ತುಂಬಿ ಹರಿಗೋಲು ನಿಂತಿತು. ಗೌಡನ ಕಡೆಯ ಕವಲು ಕಿರಿದು, ಕೂಗಿದರೆ ಕೇಳುತ್ತದೆ. ಮೂರನೇ ದಿನ ಅವನು ದಡಕ್ಕೆ ಬಂದು ಕೂಗಿದ: "ಗಡ್ಡಿ ಮ್ಯಾಲ ಹೊಗಿನ ಕಾಣವಲ್ದು! ಒಲಿ ಆರ್ಯಾವೇನು? ನೀರು ಇಳದ ಕೂಡ್ಲೆ ದಡಕ್ಕ ಬಂಡಿ ಕಳಸ್ತೀನಿ, ಸಾಮಾನು ಕಟ್ರಿ!"

ಈ ಒಲೆಗೆ ಹೊಗೆ ಇಲ್ಲವೆಂದು ಅವನಿಗೇನು ಗೊತ್ತು? ಹೆಂಚಿನ ಮೇಲಿನ ರೊಟ್ಟಿ ಹಿಡಿದು ನೀರಂಚಿಗೆ ಹೋದೆ. ಎತ್ತಿ ತೋರಿಸಿದೆ.

"ನೀವ ಬರ್ರಿ ಗೌಡ್ರ! ಬಿಸಿದು ನೀಡ್ತೀನಿ!"

ಅವನು ಬರಲಿಲ್ಲ. ನಾವೂ ಹೋಗಲಿಲ್ಲ.